ಬಿಳಿ ಹಾಳೆಯ ಒಂಬತ್ತನೇ ಸಾಲು

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಅಣ್ಣ ತಟ್ಟೆ ಎಸೆದ. ಪಿಂಗಾಣಿಯದು. ಅತ್ತಿಗೆಯ ತಲೆಯ ಪಕ್ಕದ ಗೋಡೆಗೆ ಬಡಿದು ಒಡೆಯಿತು, ಒಂದು ಚೂರು ಅವರ ಎಡ ಕಿವಿಯ ಹಾಲೆಯನ್ನು ಸೀಳಿಕೊಂಡು ಹೋಯಿತು. ಮೂರು ಹೊಲಿಗೆ. ಕಾರಣ ಕೇಳಿದರೆ ಮೊಟ್ಟೆ ತಣ್ಣಗಿತ್ತು ಎಂದ. ಹತ್ತು ನಿಮಿಷ ಕಳೆದ ಮೇಲೆ ಅತ್ತಿಗೆಯ ಸೆರಗು ಹಿಡಿದುಕೊಂಡು ಅತ್ತ. ಅಳುವಾಗಲೂ ಅವನ ಕಾಲು ನೆಲ ಒದೆಯುತ್ತಲೇ ಇತ್ತು. ಅದು ಅವನ ಕೈಲಿಲ್ಲ.

ಸಂಜೆ ಬಿಳಿ ಹಾಳೆ ತುಂಬಿದೆ. ಕೈಕಾಲು ತಾನಾಗಿ ಕುಣಿಸುವ, ಸಿಟ್ಟನ್ನೂ ಕೆರಳಿಸುವ ಅಣ್ಣನ ಈ ಕಾಯಿಲೆಗೆ ಎರಡು ಹಾಳೆ. ಹಳದಿ ಹಾಳೆಯನ್ನು ಆಸ್ಪತ್ರೆಯಲ್ಲಿ ನಮ್ಮಂಥವರು ತುಂಬುತ್ತೇವೆ: ಕಣ್ಣು, ನಾಲಿಗೆ, ಬೆರಳು, ಕೈ, ಕಾಲು, ನಡಿಗೆ, ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಹೆಚ್ಚು ಬಂದಷ್ಟೂ ಕೆಟ್ಟದ್ದು. ಹನ್ನೆರಡು ವರ್ಷದಿಂದ ನನ್ನ ಕೆಲಸ ಇದೇ, ಜನರ ಅಲುಗಾಟಕ್ಕೆ ಅಂಕ ಹಾಕುವುದು. ಬಿಳಿ ಹಾಳೆ ಮನೆಯವರದು, ತಿಂಗಳಿಗೊಂದು. ಅದರ ಎಂಟನೇ ಸಾಲು: ಹೊಡೆತ, ತಳ್ಳಾಟ, ವಸ್ತು ಎಸೆಯುವುದು. ಒಂಬತ್ತನೇ ಸಾಲು: ತಾನಾಗಿ ಆದ ಚಲನೆಯಿಂದ ಬೇರೆಯವರಿಗೆ ಆದ ಗಾಯ. ಎಂಟಕ್ಕೆ ಸತತ ಎರಡು ತಿಂಗಳು ಮೂರು ಬಂದರೆ ರೋಗಿಯನ್ನು ಒಳವಾರ್ಡಿಗೆ ಸೇರಿಸುವ ಮಾತು ಶುರುವಾಗುತ್ತದೆ. ಒಂಬತ್ತಕ್ಕೆ ಎಷ್ಟು ಬಂದರೂ ಹಾಗೇನಿಲ್ಲ. ಮೇಜಿನ ಮೂಲೆಗಳಿಗೆ ಸ್ಪಂಜು ಅಂಟಿಸಲು ಹೇಳುತ್ತಾರೆ, ಅಷ್ಟೆ.

ಎಂಟಕ್ಕೆ ಮೂರು ಹಾಕಿದೆ. ಎರಡು ಹಾಕಬಹುದಿತ್ತು, ಹಾಕಲಿಲ್ಲ. ಈ ಪುಸ್ತಕ ಕೊಂಡದ್ದು ಹಾಳೆಯ ಚೌಕಗಳಲ್ಲಿ ಹಿಡಿಯದೆ ಉಳಿಯುವುದನ್ನು ಬರೆದಿಡಲು. ಇವತ್ತು ಉಳಿದದ್ದು ಇಷ್ಟು: ಗೋಡೆಯ ಮೇಲಿನ ಹಳದಿ ಕಲೆ ಒರೆಸಿದರೂ ಹೋಗಿಲ್ಲ.

ಮಾರ್ಚ್ 5, ಬುಧವಾರ

ಹೊಸದಾಗಿ ಸೇರಿದ ಇಬ್ಬರು ಹುಡುಗಿಯರಿಗೆ ಪಾಠ. ನಮ್ಮ ಕೋಣೆಯಲ್ಲಿ ಹೆಚ್ಚೇನೂ ಇಲ್ಲ. ನೆಲದ ಮೇಲೆ ಕಪ್ಪು ಪಟ್ಟಿಯ ಹತ್ತು ಮೀಟರ್ ಗೆರೆ, ಕೈಯಿಲ್ಲದ ಒಂದು ಕುರ್ಚಿ, ಮೂರು ಕಾಲಿನ ಮೇಲೆ ಕ್ಯಾಮೆರಾ. ಕುರ್ಚಿಯಲ್ಲಿ ಕೂತಿದ್ದವರು ನಿವೃತ್ತ ಸ್ಟೇಷನ್ ಮಾಸ್ಟರು. ಅವರು ಕಿಟಕಿಯಾಚೆ ನೋಡುತ್ತಿದ್ದಂತೆ ಬಲಗೈ ಹಾರಿ ಒಬ್ಬ ಹುಡುಗಿಯ ಕನ್ನಡಕ ಕಿತ್ತುಕೊಂಡು ಹೋಯಿತು. ಆಕೆಗಿಂತ ಹೆಚ್ಚು ಬೆಚ್ಚಿದವರು ಅವರೇ. ನನ್ನ ಕೈಗೆ ಮರ್ಯಾದೆ ಕಲಿಸಿಲ್ಲಮ್ಮ, ಕ್ಷಮಿಸು ಎಂದರು.

ಹುಡುಗಿಯರಿಗೆ ಹೇಳಿದೆ: ಕೈ ನೋಡಬೇಡಿ, ಕಣ್ಣು ನೋಡಿ. ಮನುಷ್ಯ ಬೇಕೆಂದು ಹೊಡೆಯುವಾಗ ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಕೈ. ಕಾಯಿಲೆಯ ಕೈಗೆ ಕಣ್ಣಿನ ಅಪ್ಪಣೆ ಬೇಕಿಲ್ಲ. ಇದು ಯಾವ ಪುಸ್ತಕದಲ್ಲೂ ಇಲ್ಲ, ನೋಡಿ ನೋಡಿ ಬಂದದ್ದು. ಇನ್ನೆರಡು ನಿಯಮ ಪುಸ್ತಕದವು. ಕಾಣದ್ದಕ್ಕೆ ಅಂಕ ಹಾಕಬಾರದು. ಹೊಸ ಲಕ್ಷಣ ಕಂಡರೆ ಮೂರು ಸಲ ನೋಡದೆ ಬರೆಯಬಾರದು.

ರಾತ್ರಿಯ ಊಟಕ್ಕೆ ಕೂತಾಗ ಅಣ್ಣನಿಗೂ ಇದನ್ನು ಹೇಳಿದೆ. ಅವನಿಗೆ ಬಹಳ ಹಿಡಿಸಿತು. ಮೇಜಿನ ಮೇಲಿದ್ದ ನೊಣವನ್ನು ದಿಟ್ಟಿಸಿ ನೋಡಿ, ಕಣ್ಣು ಹೋಯ್ತು, ಕಣ್ಣು ಹೋಯ್ತು ಎಂದು ಎರಡು ಸಲ ಹೇಳಿ, ಕೈ ಬೀಸಿ ಉಪ್ಪಿನ ಡಬ್ಬಿ ಉರುಳಿಸಿದ. ಅತ್ತಿಗೆಯೂ ನಕ್ಕರು, ಕಿವಿಯ ಪಟ್ಟಿಯ ಮೇಲೆ ಕೈ ಇಟ್ಟುಕೊಂಡು. ನಕ್ಕರೆ ಹೊಲಿಗೆ ಎಳೆಯುತ್ತದಂತೆ.

ಮಾರ್ಚ್ 10, ಸೋಮವಾರ

ತಿಂಗಳ ತಪಾಸಣೆ. ಅಣ್ಣನಿಗೆ ನಾನು ಹಳದಿ ಹಾಳೆ ತುಂಬುವಂತಿಲ್ಲ, ಸಂಬಂಧಿಕಳು. ಹಿರಿಯ ಡಾಕ್ಟರೇ ತುಂಬಿದರು. ಬಿಳಿ ಹಾಳೆಯ ಮೂರನ್ನು ನೋಡಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಇನ್ನೊಂದು ತಿಂಗಳು ಹೀಗೇ ಬಂದರೆ ಒಳವಾರ್ಡಿನ ವಿಷಯ ಮಾತಾಡೋಣ, ನಿಮಗೆ ಗೊತ್ತಿಲ್ಲದ್ದೇನಲ್ಲ ಎಂದರು.

ಬಸ್ಸಿನಲ್ಲಿ ಅಣ್ಣ ಕೇಳಿದ, "ಎಷ್ಟು ಮಾರ್ಕು ಕೊಟ್ಟೆ, ಟೀಚರಮ್ಮ?"

ಮೂರು ಎಂದೆ.

"ನಾಲ್ಕಕ್ಕೆ ಮೂರು. ಸ್ಕೂಲಲ್ಲಿ ಒಂದು ಸಲವೂ ಇಷ್ಟು ಬಂದಿರಲಿಲ್ಲ." ಇಳಿಯುವ ನಿಲ್ದಾಣ ಬಂದಾಗ, "ಏನು ಬೇಕಾದ್ರೂ ಬರಿ. ಅಲ್ಲಿಗೆ ಮಾತ್ರ ಕಳಿಸ್ಬೇಡ ಕಣೆ," ಎಂದ.

ಅಲ್ಲಿ ಎಂದರೆ ಅಪ್ಪ ಸತ್ತ ವಾರ್ಡು. ಈ ಕಾಯಿಲೆ ಅಪ್ಪನಿಂದ ಬಂದದ್ದು. ಕೊನೆಯ ಹನ್ನೊಂದು ತಿಂಗಳು ಅಪ್ಪನ ಎರಡೂ ಮಣಿಕಟ್ಟುಗಳನ್ನು ಮಂಚದ ಕಂಬಿಗೆ ಬಟ್ಟೆಪಟ್ಟಿಯಿಂದ ಕಟ್ಟಿರುತ್ತಿದ್ದರು. ಸತ್ತ ಮೇಲೆ ಮೈ ತೊಳೆಯುವಾಗ ಅಣ್ಣ ನೋಡಿದ್ದಾನೆ, ಅಲ್ಲಿ ಚರ್ಮ ಇರಲಿಲ್ಲ. ಅದಕ್ಕೂ ಮೊದಲು, ಅಪ್ಪನಿಗೆ ಕಾಯಿಲೆ ಇದೆಯೆಂದು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ, ಅದನ್ನು ಸಿಟ್ಟು ಎನ್ನುತ್ತಿದ್ದೆವು. ಅಪ್ಪ ಬೆಲ್ಟಿಗೆ ಕೈ ಹಾಕಿದರೆ ಅಣ್ಣ ನನ್ನ ಮುಂದೆ ಬಂದು ನಿಲ್ಲುತ್ತಿದ್ದ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು. ಅವನಿಗೆ ಹನ್ನೆರಡು, ನನಗೆ ಎಂಟು. ಬೆಲ್ಟಿನ ಕೊಕ್ಕೆಯ ಗುರುತು ಇನ್ನೂ ಅವನ ಹೆಗಲ ಮೇಲಿದೆ.

ಆರು ವರ್ಷದ ಹಿಂದೆ ಇಬ್ಬರೂ ಒಂದೇ ದಿನ ರಕ್ತ ಕೊಟ್ಟೆವು. ನನ್ನಲ್ಲಿ ಕಾಯಿಲೆ ಇಲ್ಲ, ಮುಂದೆ ಬರುವುದೂ ಇಲ್ಲ. ಅವನಲ್ಲಿ ಇತ್ತು. ಫಲಿತಾಂಶ ಕೇಳಿ ಹೊರಗೆ ಬಂದಮೇಲೆ ಅವನೇ ನನಗೆ ಐಸ್‌ಕ್ರೀಂ ಕೊಡಿಸಿದ.

ಕಳಿಸುವುದಿಲ್ಲ ಎಂದೆ. ಮಾತು ಕೊಟ್ಟಿದ್ದೇನೆ.

ಮಾರ್ಚ್ 27, ಗುರುವಾರ

ಅತ್ತಿಗೆ ಹಿಂದೆ ನಿಂತು ಅವನಿಗೆ ಅಂಗಿ ತೊಡಿಸುವಾಗ ಮೊಣಕೈ ಹಾರಿ ಅವರ ಬಾಯಿಗೆ ಬಿತ್ತು. ಮುಂದಿನ ಹಲ್ಲೊಂದು ಸಡಿಲವಾಗಿದೆ, ತುಟಿ ಒಡೆದಿದೆ. ಅವನ ಕಣ್ಣು ಗುಂಡಿಯ ಮೇಲಿತ್ತು. ನಾನು ಎದುರಿಗೇ ಇದ್ದೆ, ಕಂಡೆ. ಸಂಶಯವಿಲ್ಲ. ಒಂಬತ್ತನೇ ಸಾಲು, ಎರಡು.

ಅತ್ತಿಗೆ ರಕ್ತ ಉಗುಳಿ, ಇದು ಅವರಲ್ಲ ಬಿಡು, ಕೈ ತಾನಾಗಿ ಹೋಯಿತು ಎಂದರು.

ಏಪ್ರಿಲ್ 6, ಭಾನುವಾರ

ಅಣ್ಣ ಕಿಟಕಿಯ ಗಾಜು ಒಡೆದ, ಊರುಗೋಲಿನಿಂದ. ಅವನ ಕಸುಬು ಗಾಜು ಕತ್ತರಿಸುವುದಾಗಿತ್ತು. ಉಸಿರು ಹಿಡಿದು ಒಂದೇ ಎಳೆತದಲ್ಲಿ ಗೆರೆ ಎಳೆದು, ಅಂಚಿಗೊಂದು ಸಣ್ಣ ತಟ್ಟು ಕೊಟ್ಟರೆ ಗಾಜು ಹೇಳಿದ ಮಾತು ಕೇಳಿದಂತೆ ಬೇರೆಯಾಗುತ್ತಿತ್ತು. ಈ ಮನೆಯ ಆರೂ ಕಿಟಕಿಗಳ ಗಾಜು ಅವನದೇ ಕೈಕೆಲಸ. ಅತ್ತಿಗೆ ಓಡಿಬಂದು ಏನ್ರೀ ಇದು ಎಂದರೆ, "ನಾನೇ ಹಾಕಿದ್ದು, ನಾನೇ ತೆಗೀತೀನಿ," ಎಂದ. ಅವರು ಕೋಲು ಕಿತ್ತುಕೊಳ್ಳಲು ಹೋದರು. ಕೋಲು ಅವರ ಹೆಗಲ ಮೇಲೆ ಬಿತ್ತು, ಆಮೇಲೆ ಬೆನ್ನ ಮೇಲೆ. ಅವರು ಗಾಜಿನ ಚೂರುಗಳ ಮೇಲೆ ಮಂಡಿಯೂರಿದರು. ಮೂರನೆಯ ಏಟಿಗೆ ನಾನು ಕೋಲು ಹಿಡಿದೆ.

ಚಿಮಟ ಹಿಡಿದು ಅವರ ಮಂಡಿಯಿಂದ ಏಳು ಚೂರು ತೆಗೆದೆ. ಬೆನ್ನಿನ ಮೇಲೆ ಎರಡು ಬರೆ, ಒಂದೊಂದೂ ಗೇಣುದ್ದ.

ಅತ್ತಿಗೆ ಹಾಳೆಯ ವಿಷಯ ತೆಗೆದರು. ನಾನು ಬಾಗಿಲ ಬಳಿ ಇದ್ದೆ, ಅಣ್ಣನ ಬೆನ್ನು ಮಾತ್ರ ಕಾಣುತ್ತಿತ್ತು, ಕಣ್ಣು ಕಾಣಲಿಲ್ಲ ಎಂದೆ. ಕಾಣದ್ದಕ್ಕೆ ಅಂಕ ಹಾಕುವಂತಿಲ್ಲ.

"ನಾನು ಎದುರಿಗೇ ಇದ್ದೆನಲ್ಲ. ನನ್ನನ್ನು ಕೇಳು."

ನಿಮಗೆ ತರಬೇತಿ ಇಲ್ಲ ಅತ್ತಿಗೆ ಎಂದೆ. ಇದು ನಿಜ. ಮೊದಲ ಎರಡು ವರ್ಷ ನಾನೂ ತಪ್ಪು ನೋಡುತ್ತಿದ್ದೆ.

ಕಿಟಕಿಗೆ ರಟ್ಟು ಹೊಡೆದೆ. ಎಂಟನೇ ಸಾಲು, ಎರಡು, ಗಾಜು ಒಡೆದದ್ದಕ್ಕೆ. ಕೋಲಿನ ಏಟು ಒಂಬತ್ತಕ್ಕೆ, ಮೂರು.

ಏಪ್ರಿಲ್ 14, ಸೋಮವಾರ

ತಪಾಸಣೆ ಮುಗಿಯಿತು. ಎಂಟಕ್ಕೆ ಎರಡು ಬಂದದ್ದರಿಂದ ಒಳವಾರ್ಡಿನ ಮಾತು ಬರಲಿಲ್ಲ. ಡಾಕ್ಟರು ಸ್ಪಂಜಿನ ಪಟ್ಟಿ ಬರೆದುಕೊಟ್ಟರು. ಅಣ್ಣ ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ತಲೆ ಇಟ್ಟು ನಿದ್ದೆ ಮಾಡಿದ. ನಿದ್ದೆಯಲ್ಲಿ ಅವನ ಕೈಕಾಲು ಅಲುಗುವುದಿಲ್ಲ. ಮೊದಲಿನ ಅಣ್ಣನೇ.

ಏಪ್ರಿಲ್ 22, ಮಂಗಳವಾರ

ಏನೂ ಒಡೆಯಲಿಲ್ಲ.

ಮೇ 17, ಶನಿವಾರ

ಅತ್ತಿಗೆಯ ಬಲ ಮಣಿಕಟ್ಟು ಮುರಿದಿದೆ. ಎರಡು ಮೂಳೆಗಳಲ್ಲಿ ಒಂದು ಪೂರ್ತಿ, ಇನ್ನೊಂದು ಬಿರುಕು.

ಸ್ನಾನದ ಮನೆಯಲ್ಲಿ ನಡೆದದ್ದು. ನೀರು ಬಿಸಿಯಾಯಿತೆಂದು ಅಣ್ಣ ಕಿರುಚಿದ್ದು ಕೇಳಿ ಹೋದೆ. ಅವನು ಅತ್ತಿಗೆಯ ಕೈಯನ್ನು ಬಾಗಿಲ ಸಂದಿಯಲ್ಲಿ ಇಟ್ಟುಕೊಂಡು ಇನ್ನೊಂದು ಕೈಯಿಂದ ಬಾಗಿಲು ತಳ್ಳುತ್ತಿದ್ದ. ಒಂದು ಸಲ ತಳ್ಳಿದ, ಮತ್ತೆ ಹಿಂದಕ್ಕೆ ಎಳೆದ, ಮತ್ತೆ ತಳ್ಳಿದ. ಎರಡನೆಯದಕ್ಕೆ ಶಬ್ದ ಬಂತು, ಹಸಿ ಕಡ್ಡಿ ಮುರಿದಂತೆ. ಅತ್ತಿಗೆ ಕೂಗಲಿಲ್ಲ. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಹಿಡಿತ ಬಿಗಿಯಾಗಿಯೇ ಉಳಿಯುವುದು ಈ ಕಾಯಿಲೆಯಲ್ಲಿ ಇದೆ. ಹಿಡಿದದ್ದನ್ನು ಬಿಡಲು ಬರುವುದಿಲ್ಲ. ತೋಳು ಮುಂದಕ್ಕೂ ಹಿಂದಕ್ಕೂ ಹಾರುವುದೂ ಇದೆ. ಎರಡೂ ಒಟ್ಟಿಗೆ ಬಂದಿವೆ.

ಮೂಳೆ ಡಾಕ್ಟರು ಹೇಗಾಯಿತು ಎಂದು ಅತ್ತಿಗೆಯನ್ನು ಕೇಳಿದರು. ಅವರಿಗೆ ನೋವು, ಮಾತಾಡುವ ಸ್ಥಿತಿಯಲ್ಲಿರಲಿಲ್ಲ, ಹಾಗಾಗಿ ನಾನು ಹೇಳಿದೆ. ಬಾಗಿಲು ಬಡಿಯಿತು. ಅತ್ತಿಗೆ ನನ್ನನ್ನೇ ನೋಡುತ್ತಿದ್ದರು.

ಮೆಟ್ಟಿಲಲ್ಲಿ ಕೆಳಮನೆಯ ಟೈಲರು ಸಿಕ್ಕರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಏನದು ಸದ್ದು ಎಂದರು. ಕಪಾಟು ಬಿತ್ತು ಎಂದೆ.

"ನಿಮ್ಮ ಮನೆಯಲ್ಲಿ ಕಪಾಟುಗಳು ಜಾಸ್ತಿ ಬೀಳ್ತವಲ್ಲಮ್ಮ," ಎಂದರು. ಅತ್ತಿಗೆಯ ಹೊಸ ಕಟ್ಟು ನೋಡಿ ಸೂಜಿಗಳನ್ನು ಬಾಯಿಂದ ತೆಗೆದರು.

ಒಂಬತ್ತಕ್ಕೆ ನಾಲ್ಕು. ಇದಕ್ಕಿಂತ ಹೆಚ್ಚು ಹಾಕಲು ಜಾಗವಿಲ್ಲ.

ಮೇ 25, ಭಾನುವಾರ

ಒಂದು ಉಪಾಯ ಹೊಳೆಯಿತು, ಮೊದಲೇ ಹೊಳೆಯಬೇಕಿತ್ತು. ಊಟದ ಹೊತ್ತಿಗೆ ಅಣ್ಣನ ಬಲ ಮಣಿಕಟ್ಟನ್ನು ಕುರ್ಚಿಯ ಕೈಗೆ ಮೆತ್ತನೆಯ ಟವೆಲಿನಿಂದ ಸುತ್ತುವುದು. ಗಂಟು ಇಲ್ಲ, ಸುತ್ತು ಮಾತ್ರ. ಹದಿನೈದು ನಿಮಿಷ. ಒಂದು ತುತ್ತೂ ಚೆಲ್ಲಲಿಲ್ಲ. ಅವನು ಟವೆಲಿನ ಕಡೆ ನೋಡಿದ, ನನ್ನ ಕಡೆ ನೋಡಿದ. ಊಟ ಮುಗಿದ ಕೂಡಲೇ ಬಿಚ್ಚುತ್ತೇನೆ ಎಂದೆ, ಬಿಚ್ಚಿದೆ.

ಅತ್ತಿಗೆ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಎಡಗೈಯಲ್ಲಿ ಪಾತ್ರೆ ತೊಳೆಯುತ್ತಿದ್ದರು.

ಜೂನ್ 11, ಬುಧವಾರ

ವರ್ಷಕ್ಕೊಮ್ಮೆ ಅಂಕ ಹಾಕುವವರಿಗೂ ಪರೀಕ್ಷೆ ಇರುತ್ತದೆ. ಹಳೆಯ ಇಪ್ಪತ್ತು ವೀಡಿಯೊಗಳನ್ನು ತೋರಿಸುತ್ತಾರೆ, ಎಲ್ಲರೂ ಬೇರೆ ಬೇರೆ ಕೂತು ಅಂಕ ಹಾಕುತ್ತೇವೆ. ಹನ್ನೆರಡು ವರ್ಷದಲ್ಲಿ ನನ್ನ ಅಂಕ ಒಂದು ಸಲವೂ ಆಚೀಚೆ ಆಗಿರಲಿಲ್ಲ. ಹೊಸಬರಿಗೆ ನನ್ನ ಹಾಳೆಯನ್ನೇ ಮಾದರಿಯಾಗಿ ಕೊಡುತ್ತಿದ್ದರು.

ಇವತ್ತು ಇಪ್ಪತ್ತರಲ್ಲಿ ಒಂಬತ್ತು ತಪ್ಪು ಎಂದರು.

ಹಿರಿಯ ಡಾಕ್ಟರು ತಮ್ಮ ಕೋಣೆಗೆ ಕರೆದು ಹದಿನಾಲ್ಕನೆಯ ವೀಡಿಯೊ ಮತ್ತೆ ಹಾಕಿದರು. ಒಬ್ಬ ದಪ್ಪ ಮನುಷ್ಯ ಕುರ್ಚಿಯಲ್ಲಿದ್ದಾನೆ. ನರ್ಸು ಅವನ ಮೊಣಕಾಲು ಮುಟ್ಟಲು ಬಾಗುತ್ತಾಳೆ. ಅವನು ಅವಳ ಕೆನ್ನೆಗೆ ಹೊಡೆಯುತ್ತಾನೆ. ನಾನು ಇದನ್ನು ತಾನಾಗಿ ಆದ ಚಲನೆ ಎಂದು ಬರೆದು, ಕೈಗೆ ಮೂರು ಹಾಕಿದ್ದೆ.

"ನಿಧಾನವಾಗಿ ನೋಡಿ," ಎಂದರು. "ಕಣ್ಣು ಮೊದಲು ಅವಳ ಮುಖಕ್ಕೆ ಹೋಯ್ತು. ಕೈ ಆಮೇಲೆ ಹೋಯ್ತು. ಇದನ್ನು ನನಗೆ ಹೇಳಿಕೊಟ್ಟವರೇ ನೀವು."

ನಾಲ್ಕು ಸಲ ನೋಡಿದೆ. ನನಗೆ ಹಾಗೆ ಕಾಣಲಿಲ್ಲ. ವೀಡಿಯೊ ಹಳೆಯದು, ಬೆಳಕು ಸರಿಯಿಲ್ಲ. ಹಾಗೆಂದೇ ಹೇಳಿದೆ.

ಕೆಟ್ಟದ್ದನ್ನು ತೀರಾ ಹತ್ತಿರದಿಂದ ನೋಡುತ್ತಿದ್ದರೆ ಯಾರ ಅಳತೆಯಾದರೂ ಜಾರುತ್ತದೆ, ಸ್ವಲ್ಪ ದಿನ ಕ್ಯಾಮೆರಾದ ಹಿಂದೆ ನಿಲ್ಲಿ, ಇಲ್ಲವೇ ರಜೆ ಹಾಕಿ ಎಂದರು, ಮನೆಯಲ್ಲಿ ಎಲ್ಲ ಸರಿಯಿದೆ ತಾನೇ ಎಂದು ಕೇಳಿದರು. ಎಲ್ಲ ಸರಿಯಿದೆ ಎಂದೆ. ಕ್ಯಾಮೆರಾದ ಹಿಂದೆ ನಿಲ್ಲುವುದಕ್ಕಿಂತ ರಜೆ ವಾಸಿ. ಎರಡು ತಿಂಗಳಿಗೆ ಬರೆದುಕೊಟ್ಟು ಬಂದೆ.

ರಾತ್ರಿಯ ಊಟದಲ್ಲಿ ಅಣ್ಣ ಬಾಯಿ ತೆರೆಯಲಿಲ್ಲ. ಗಲ್ಲ ಸ್ವಲ್ಪ ಬಿಗಿಯಾಗಿ ಹಿಡಿಯಬೇಕಾಯಿತು. ಚಮಚ ಹಲ್ಲಿಗೆ ತಾಗಿ ಸದ್ದಾಯಿತು. ಬೆರಳಿನ ಕೆಂಪು ಗುರುತು ಹತ್ತು ನಿಮಿಷದಲ್ಲಿ ಹೋಯಿತು. ಗಡಿಯಾರ ನೋಡಿಕೊಂಡಿದ್ದೆ.

ಜೂನ್ 21, ಶನಿವಾರ

ಅತ್ತಿಗೆ ಹೋದರು. ತಮ್ಮ ಅಕ್ಕನ ಮನೆಗೆ. ಕೈ ಕೂಡುವವರೆಗೆ ಎಂದರು, ಆದರೆ ಚಳಿಗಾಲದ ಬಟ್ಟೆಗಳನ್ನೂ ಪೆಟ್ಟಿಗೆಗೆ ಹಾಕಿಕೊಂಡರು.

ನಿನ್ನೆ ಅಣ್ಣ ಅವರ ಕೂದಲು ಹಿಡಿದು ತಲೆಯನ್ನು ಮೇಜಿಗೆ ಎರಡು ಸಲ ಬಡಿದದ್ದೇ ಕಾರಣ ಎಂದುಕೊಂಡಿದ್ದೆ. ಅಲ್ಲವಂತೆ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದರು. ಎಡಗೈ ಒಂದರಿಂದಲೇ ಹಾಕಿಕೊಳ್ಳಬೇಕಿತ್ತು, ನಾನು ಬಾಗಿದೆ, ಬೇಡ ಎಂದರು.

"ಅವರು ಹೊಡೀತಾರೆ ಅಂತ ಹೋಗ್ತಿಲ್ಲ. ಅವರು ಕಾಯಿಲೆ ಮನುಷ್ಯ, ನಾನು ತಿಳಿದೇ ಇದ್ದೆ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದೀನಿ. ಅವರು ಹೊಡೆದದ್ದನ್ನು ಹೊಡೆದಿಲ್ಲ ಅಂತ ನೀನು ಬರೀತೀಯಲ್ಲ, ಅದಕ್ಕೆ ಹೋಗ್ತಿದೀನಿ."

ಅವನನ್ನು ವಾರ್ಡಿಗೆ ಹಾಕಬೇಕಿತ್ತೇ ಎಂದು ಕೇಳಿದೆ.

"ಅದನ್ನು ಕೂತು ಮಾತಾಡಬಹುದಿತ್ತು. ಮೂರು ಜನವೂ."

ಟೈಲರು ಪೆಟ್ಟಿಗೆ ಕೆಳಗಿಳಿಸಿಕೊಟ್ಟರು. ಅಣ್ಣ ರಟ್ಟು ಹೊಡೆದ ಕಿಟಕಿಯ ಮುಂದೆ ನಿಂತು ಬೀದಿ ಕಾಣುತ್ತಿದೆಯೇನೋ ಎಂಬಂತೆ ನೋಡುತ್ತಿದ್ದ.

ಇನ್ನು ಮನೆಯಲ್ಲಿ ಇಬ್ಬರೇ. ಟವೆಲು ಜಾರುತ್ತದೆ, ಎಳೆದರೆ ಬಿಚ್ಚಿಕೊಳ್ಳುತ್ತದೆ. ಅವನ ಬೆಲ್ಟು ಕಪಾಟಿನಲ್ಲಿ ಸುಮ್ಮನೆ ನೇತಾಡುತ್ತಿತ್ತು, ಈಗ ಅವನು ಲಾಡಿಯ ಪಾಯಿಜಾಮವನ್ನೇ ಹಾಕುವುದು. ಬೆಲ್ಟು ಚೆನ್ನಾಗಿ ಕೂರುತ್ತದೆ. ಇನ್ನೂ ಎರಡು ತೂತು ಕೊರೆದೆ.

ಜೂನ್ 24, ಮಂಗಳವಾರ

ಬೆಲ್ಟು ಬೆಳಿಗ್ಗೆ ಎರಡು ಗಂಟೆ ಹೊತ್ತು, ಮಧ್ಯಾಹ್ನ ಮೂರು. ಶಾಂತವಾಗಿದ್ದ.

ಜುಲೈ 2, ಬುಧವಾರ

ಬೆಲ್ಟು ಹಾಕಲು ಬಾಗಿದಾಗ ತಲೆಯಿಂದ ನನ್ನ ಮುಖಕ್ಕೆ ಗುದ್ದಿದ. ಮೂಗಿನಿಂದ ರಕ್ತ ಅರ್ಧ ಗಂಟೆ ನಿಲ್ಲಲಿಲ್ಲ. ಹಿಂದಕ್ಕೆ ಸರಿದಾಗ ಹೊಟ್ಟೆಗೆ ಒದ್ದ. ನಾನು ನೆಲದ ಮೇಲಿದ್ದೆ, ಅವನು ಇನ್ನೊಮ್ಮೆ ಒದ್ದ, ಪಕ್ಕೆಗೆ. ಉಸಿರಾಡಿದರೆ ಚುಚ್ಚುತ್ತದೆ.

ಅವನ ಕಣ್ಣು ನೋಡಲಾಗಲಿಲ್ಲ, ನನ್ನ ಕಣ್ಣಲ್ಲಿ ನೀರು ತುಂಬಿತ್ತು. ಒಂಬತ್ತು.

ಜುಲೈ 6, ಭಾನುವಾರ

ಎರಡೂ ಕೈ, ಎರಡೂ ಕಾಲು. ಊಟಕ್ಕೆ ಮಾತ್ರವಲ್ಲ, ಊಟದ ನಡುವಿನ ಹೊತ್ತಿಗೂ. ಮಣಿಕಟ್ಟಿಗೆ ಮುಲಾಮು ಹಚ್ಚಿದೆ. ಚರ್ಮ ಸ್ವಲ್ಪ ಕಿತ್ತಿದೆ, ಅವನು ಎಳೆದಾಡುವುದರಿಂದ.

ಇಡೀ ದಿನ ಒಂದೇ ಮಾತಾಡಿದ. ಬಾಯಿ ಈಗ ಸರಿಯಾಗಿ ತಿರುಗುವುದಿಲ್ಲ, ಕಿವಿಗೊಟ್ಟು ಕೇಳಬೇಕು. "ಇದು ವಾರ್ಡಾ?" ಎಂದು ಕೇಳಿದ.

ಅಲ್ಲ, ಮನೆ ಎಂದೆ.

ಜುಲೈ 13, ಭಾನುವಾರ

ನೀರು ಕುಡಿಸುತ್ತಿದ್ದೆ. ಈಗ ನೀರನ್ನೂ ಪುಡಿ ಬೆರೆಸಿ ಗಟ್ಟಿ ಮಾಡಿ ಕೊಡಬೇಕು, ಇಲ್ಲದಿದ್ದರೆ ಶ್ವಾಸನಾಳಕ್ಕೆ ಹೋಗುತ್ತದೆ. ಒಂದು ಲೋಟ ಹದ ಮಾಡಲು ಐದು ನಿಮಿಷ ಹಿಡಿಯುತ್ತದೆ. ಮೊದಲ ಲೋಟವನ್ನು ಗಲ್ಲದಿಂದ ತಳ್ಳಿ ಬೀಳಿಸಿದ. ಎರಡನೆಯದನ್ನೂ ಬೀಳಿಸಿದ. ಮೂರನೆಯದನ್ನು ಬಾಯಲ್ಲಿ ತುಂಬಿಕೊಂಡು ನನ್ನ ಮುಖಕ್ಕೆ ಉಗಿದ. ನಾಲ್ಕನೆಯದು ಹದ ಮಾಡಿ ತಂದೆ. ಕುಡಿದ, ನಕ್ಕ, ಲೋಟದ ಅಂಚನ್ನು ಹಲ್ಲಿನಿಂದ ಕಚ್ಚಿ ಎಸೆದ.

ಕೈ ತಾನಾಗಿ ಹೋಯಿತು.

ಒಂದು ಸಲ. ಸರಿಯಾಗಿ ಬರೆಯಬೇಕು. ಎಡ ಕೆನ್ನೆಗೆ ಒಂದು ಸಲ, ಅವನ ತಲೆ ಆಚೆ ತಿರುಗಿ ಮತ್ತೆ ಈಚೆ ಬಂದಾಗ ಇನ್ನೊಂದು ಸಲ. ಆಮೇಲೆ ಕಿವಿಯ ಮೇಲೆ. ಕುರ್ಚಿ ಓರೆಯಾಗಿ ಅವನ ಸಮೇತ ಬಿದ್ದಿತು, ಕೈಕಾಲು ಕಟ್ಟಿದ್ದರಿಂದ ಬೀಳುವಾಗ ಊರಿಕೊಳ್ಳಲಾಗಲಿಲ್ಲ. ಹಣೆ ನೆಲಕ್ಕೆ ಬಡಿಯಿತು. ಬಿದ್ದ ಮೇಲೂ ಒಮ್ಮೆ. ಒಟ್ಟು ನಾಲ್ಕು.

ಕುರ್ಚಿ ಎತ್ತಿ ನಿಲ್ಲಿಸಿದೆ. ಭಾರವಿಲ್ಲ ಅವನು, ಐವತ್ತು ಕಿಲೋ ಇದ್ದರೆ ಹೆಚ್ಚು. ಒದ್ದೆ ಬಟ್ಟೆಯಿಂದ ಹಣೆ ಒರೆಸಿದೆ. ಆಮೇಲೆ ಒಂದೊಂದೇ ಅಕ್ಷರ ಎತ್ತಿ ಇಡುವವನಂತೆ ಮಾತಾಡಿದ.

"ಟೀಚರಮ್ಮ. ನಿನ್ನ ಕಣ್ಣು ಮೊದಲು ಬಂತು."

ಅವನಿಗೆ ತರಬೇತಿ ಇಲ್ಲ.

ಜುಲೈ 14, ಸೋಮವಾರ

ತಪಾಸಣೆ. ಬೆಲ್ಟಿನ ಗುರುತು ಕಾಣದಂತೆ ಉದ್ದ ತೋಳಿನ ಅಂಗಿ ಹಾಕಿದ್ದೆ, ಬಸ್ಸಿನಲ್ಲಿ ಗಾಳಿ ಹೆಚ್ಚು. ಕೆನ್ನೆ ಮಾತ್ರ ನೀಲಿಯಾಗಿತ್ತು, ಹಣೆಯಲ್ಲಿ ಬುಗುಟು.

ಹಿರಿಯ ಡಾಕ್ಟರು ಅಣ್ಣನ ಗಲ್ಲವನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಬೆಳಕಿನ ಕಡೆ ತಿರುಗಿಸಿದರು. ಕೆನ್ನೆಯ ಮೇಲೆ ನಾಲ್ಕು ಗೆರೆ ಇದ್ದವು. ಇದು ಹೇಗಾಯಿತು ಎಂದು ಅವನನ್ನೇ ಕೇಳಿದರು, ನನ್ನನ್ನಲ್ಲ.

ಅಣ್ಣ ನನ್ನ ಕಡೆ ನೋಡಲಿಲ್ಲ. ಮಾತು ಬರಲು ತಡವಾಯಿತು, ಡಾಕ್ಟರು ಕಾದರು.

"ನನ್ನ ಕೈಯೇ, ಡಾಕ್ಟ್ರೇ. ತಾನಾಗಿ ಹೋಯ್ತು."

"ನಿಮ್ಮ ಕೈಯೇ ನಿಮ್ಮ ಕೆನ್ನೆಗೆ?"

"ಹೂಂ. ಅದಕ್ಕೆ ಮರ್ಯಾದೆ ಇಲ್ಲ."

ಸ್ಟೇಷನ್ ಮಾಸ್ಟರ ಆ ಮಾತನ್ನು ಮಾರ್ಚಿನಲ್ಲಿ ನಾನೇ ಅವನಿಗೆ ಹೇಳಿ ನಗಿಸಿದ್ದೆ. ಮರೆತಿಲ್ಲ ಅವನು.

ಡಾಕ್ಟರು ನನ್ನ ಕಡೆ ತಿರುಗಿ, "ನೀವು ನೋಡಿದ್ರಾ?" ಎಂದರು. ಪೆನ್ನು ಹಾಳೆಯ ಮೇಲೆ ನಿಂತಿತ್ತು. ಅಣ್ಣನ ಬಲಗೈ ತೊಡೆಯ ಮೇಲೆ ಕುಣಿಯುತ್ತಿತ್ತು, ಅವನು ಅದನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡ.

ನೋಡಿದೆ ಎಂದೆ.

ಹಳದಿ ಹಾಳೆಯಲ್ಲಿ ಕೈಗೆ ನಾಲ್ಕು ಬರೆದರು. ಹೋದ ತಿಂಗಳು ಮೂರು ಇತ್ತು. ಬಿಳಿ ಹಾಳೆಯಲ್ಲಿ ಎಂಟಕ್ಕೆ ಸೊನ್ನೆ ಹಾಕಿದ್ದೆ. ಅದು ಸುಳ್ಳಲ್ಲ, ಕಳೆದ ಹತ್ತು ದಿನದಿಂದ ಅವನು ಯಾರನ್ನೂ ಹೊಡೆದಿಲ್ಲ. ಇಷ್ಟು ದಿನದಲ್ಲಿ ಮೊದಲ ಸೊನ್ನೆ. ಡಾಕ್ಟರು ಆ ಸೊನ್ನೆಯನ್ನೇ ಸ್ವಲ್ಪ ಹೊತ್ತು ನೋಡುತ್ತ ಕೂತರು. ಆಮೇಲೆ, ಹಾಗಾದರೆ ಮನೆಯಲ್ಲೇ ಇರಲಿ ಎಂದರು. ಸಹಿ ಮಾಡಿದೆ.

ಬಸ್ಸಿನಲ್ಲಿ ಅವನು ನಿದ್ದೆ ಮಾಡಲಿಲ್ಲ. ಎಷ್ಟು ಮಾರ್ಕು ಎಂದು ಕೇಳಲೂ ಇಲ್ಲ. ಕೇಳುತ್ತಾನೆಂದು ಇಳಿಯುವವರೆಗೆ ಕಾದೆ.

ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ. ಅವನು ಮನೆಯಲ್ಲಿದ್ದಾನೆ.

ಜುಲೈ 16, ಬುಧವಾರ

ಶಾಂತವಾದ ದಿನ. ಮೊಟ್ಟೆ ಬಿಸಿಯಾಗಿಯೇ ಇತ್ತು. ಪೂರ್ತಿ ತಿಂದ, ನೀರೂ ಕುಡಿದ, ಒಂದು ಹನಿಯೂ ಚೆಲ್ಲಲಿಲ್ಲ.

ಒಂದು ಹೊಸ ಲಕ್ಷಣ ಕಂಡಿತು. ಅವನ ತುಟಿಯಂಚಿನ ಮೊಟ್ಟೆಯ ಚೂರು ಒರೆಸಲು ನಾನು ಕೈ ಎತ್ತಿದಾಗ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ. ಕೈ ಇಳಿಸಿದ ಮೇಲೆ ತೆರೆದ. ನಿಯಮದ ಪ್ರಕಾರ ಖಚಿತಪಡಿಸಿಕೊಳ್ಳಲು ಮೂರು ಸಲ ಕೈ ಎತ್ತಿದೆ. ಮೂರು ಸಲವೂ ಮುಚ್ಚಿದ.

ಮುಂದಿನ ತಪಾಸಣೆಯಲ್ಲಿ ಹೇಳಬೇಕು. ರೆಪ್ಪೆ, ಎರಡೂ ಕಡೆ, ತಾನಾಗಿ ಆಗುವ ಚಲನೆ: ಒಂದು.